ಡಿಂಗ್‌ಕಾರಕ್ಕೆ ಆದೇಶ: ಗಣಕಶಬ್ದಸಂಧಿ ಪ್ರಕರಣ

ಶಬ್ದವೆಂಬ ದ್ರವ್ಯವು ಜೀವದ ಇಚ್ಛೆಯಿಂದಲೂ ಗಾಳಿಯ ನೆರವಿನಿಂದಲೂ ನಾಭಿಮೂಲದಲ್ಲಿ ಕಹಳೆಯ ರೀತಿಯಲ್ಲಿ ಹುಟ್ಟುತ್ತದೆಂದೂ ಅದರ ಬಣ್ಣ ಬಿಳಿಯೆಂದೂ ಹದಿಮೂರನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ವಿಧಿಸಿರುವುದು ವಿದ್ವಾಂಸರಿಗೆ ತಿಳಿದ ಸಂಗತಿ. ವಿಂಡೋಸ್ 95 ಎಂಬ ಕಾರ್ಯಾಚರಣಾ ವ್ಯವಸ್ಥೆಯಲ್ಲಿ ಶಬ್ದದ ಗುರುತಾಗಿ ಪರದೆಯ ಕೆಳಮೂಲೆಯಲ್ಲಿ ಕಾಣುವ ಕಹಳೆ ಹಳದಿಯಾದ್ದರಿಂದ ಬಣ್ಣದ ಬಗೆಗೆ ಎರಡು ಸಂಪ್ರದಾಯಗಳಲ್ಲಿ ಭಿನ್ನಾಭಿಪ್ರಾಯವಿದೆಯಾದರೂ ಆಕಾರದ ಬಗೆಗೆ ಸಂಪೂರ್ಣ ಸಹಮತವಿದೆ. ಹೀಗಿರುವಾಗ, ಹಳೆಯ ಗಣಕಯಂತ್ರದ ಸದ್ದುಗಳನ್ನು ಮಾಲೀಕನು ತನ್ನಿಷ್ಟದಂತೆ ಬದಲಾಯಿಸಿಕೊಳ್ಳುವ ಕ್ರಿಯೆಯನ್ನು ತಾಂತ್ರಿಕ ಕೈಪಿಡಿಗಳಿಗೆ ಬಿಟ್ಟುಕೊಟ್ಟದ್ದು ವೈಯಾಕರಣರ ಉದಾಸೀನವೇ ಸರಿ. ಅದು ನ್ಯಾಯವಾಗಿ ಸಂಧಿಪ್ರಕರಣಕ್ಕೆ ಸೇರಬೇಕಾದ ವಿಷಯ.

ಮೊದಲು ವರ್ಣಮಾಲೆ. 1992ರ ವಿಂಡೋಸ್ 3.1ರೊಂದಿಗೆ ಬಂದ ಡಿಂಗ್, ಕಾರ್ಡ್, ಚೈಮ್ಸ್, ಟಾಡಾ ಎಂಬ ನಾಲ್ಕು ಶಬ್ದಗಳು ವೇವ್ ಕಡತಗಳು, ಅಂದರೆ ಗಾಳಿಯ ಅಲೆಯನ್ನು ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿಗಳಾಗಿ ಬರೆದಿಟ್ಟವು. ಸೆಕೆಂಡಿಗೆ 22,050 ಅಳತೆ, ಅಳತೆಗೊಂದು ಬೈಟ್ ಎಂಬ ಲೆಕ್ಕದಲ್ಲಿ 1.44 ಎಂಬಿ ಫ್ಲಾಪಿಯೊಂದರಲ್ಲಿ ಸುಮಾರು 66 ಸೆಕೆಂಡುಗಳ ಶಬ್ದ ಹಿಡಿಯುತ್ತಿದ್ದುದರಿಂದ ಸುಪ್ರಭಾತ ಮುಗಿಸಲು ಒಂದು ಡಬ್ಬಿ ಫ್ಲಾಪಿ ಬೇಕಾಗುತ್ತಿತ್ತು. ಡಿಂಗ್ ಎಂಬುದು ನಿಸ್ಸಂದೇಹವಾಗಿ ಹ್ರಸ್ವ. ಕಾರ್ಡ್ ದೀರ್ಘ. ತೊಡಕಿರುವುದು ಪ್ಲುತದಲ್ಲಿ. ವಿಂಡೋಸ್ 95ರ ಆರಂಭಧ್ವನಿಯನ್ನು ರಚಿಸಿದ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ, ತಮ್ಮನ್ನು ಕೇಳಿದ್ದು ಮೂರೂಕಾಲು ಸೆಕೆಂಡಿನ ತುಣುಕೆಂದೂ ಅದಕ್ಕಾಗಿ ತಾವು 84 ತುಣುಕುಗಳನ್ನು ಮಾಡಿದುದಾಗಿಯೂ ಹೇಳಿದ್ದಾರೆ. ಕೊನೆಗೆ ಯಂತ್ರದೊಳಗೆ ಸೇರಿದ್ದು ಸುಮಾರು ಆರು ಸೆಕೆಂಡಿನದು. ಸೆಕೆಂಡಿಗೊಂದು ಮಾತ್ರೆಯೆಂದು ಹಿಡಿದರೂ ಪ್ಲುತಕ್ಕೆ ಮೂರೇ ಮಾತ್ರೆ. ಆದರೆ ದೂರದಲ್ಲಿರುವವರನ್ನು ಕರೆಯುವಾಗ ಪ್ಲುತ ಬರುತ್ತದೆಂಬ ನಿಯಮವನ್ನೂ, ಆ ಕಾಲದ ಯಂತ್ರ ಎಚ್ಚರಗೊಳ್ಳುವಷ್ಟರಲ್ಲಿ ಅದರ ಒಡೆಯ ಕಾಫಿಗೆಂದು ಅಡುಗೆಮನೆ ಸೇರಿರುತ್ತಿದ್ದನೆಂಬುದನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಹೆಚ್ಚಿನ ಮೂರು ಮಾತ್ರೆಗಳನ್ನು ದೋಷವೆನ್ನಲಾಗದು. ಪ್ಲುತದ ಮುಂದೆ ಸಂಧಿಯಾಗದಿರುವುದನ್ನು ಪ್ರಕೃತಿಭಾವ ಎನ್ನುತ್ತಾರೆ. ಉಳಿದೆಲ್ಲ ಸದ್ದುಗಳನ್ನು ಬದಲಾಯಿಸಿದವರಲ್ಲೂ ಆರಂಭಧ್ವನಿಯನ್ನು ಮಾತ್ರ ಮುಟ್ಟದೆ ಬಿಟ್ಟವರಿಗೆ ಈ ನಿಯಮದ ಅರಿವಿತ್ತೆಂದೇ ತಿಳಿಯಬೇಕು.

ಸಂಧಿಯ ಕ್ಷೇತ್ರ ಕಂಟ್ರೋಲ್ ಪ್ಯಾನೆಲ್‌ನ 'ಸೌಂಡ್ಸ್' ಎಂಬ ಕಿಟಕಿ. ಅಲ್ಲಿ ಘಟನೆಗಳ, ಎಂದರೆ ಯಂತ್ರವು ಸದ್ದು ಮಾಡಬಹುದಾದ ಸಂದರ್ಭಗಳ, ಪಟ್ಟಿಯಿದ್ದು, ಸದ್ದುಳ್ಳ ಘಟನೆಯ ಪಕ್ಕದಲ್ಲಿ ಪುಟ್ಟದೊಂದು ಕಹಳೆ ಇರುತ್ತದೆ. 'ಅಸ್ಟರಿಸ್ಕ್' ಎಂಬ ಘಟನೆ ಮಾಹಿತಿ ತಿಳಿಸುವ ಚೌಕದ ಹೆಸರೆಂಬುದು ಆ ಹೆಸರಿನಿಂದ ಯಾರಿಗೂ ಹೊಳೆಯುವಂತಿಲ್ಲ. ಇದು ರೂಢನಾಮವೋ ಅಂಕಿತನಾಮವೋ ಎಂಬ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.

'ಊರು' ಮತ್ತು 'ಇಂದ' ಸೇರಿ 'ಊರಿಂದ' ಆಗುವಾಗ ಉಕಾರ ಹೋಗುವಂತೆ, ಘಟನೆಯ ಮುಂದೆ 'ನನ್', ಅಂದರೆ 'ಯಾವುದೂ ಇಲ್ಲ', ಎಂಬುದನ್ನು ಆರಿಸಿ ಕಹಳೆಯನ್ನು ಅಳಿಸುವುದು ಲೋಪ. ಮೂಲದಲ್ಲಿ ಮೌನವಾಗಿದ್ದ ಘಟನೆಗೆ, ಉದಾಹರಣೆಗೆ ಮೆನು ಬಿಚ್ಚಿಕೊಳ್ಳುವುದಕ್ಕೆ, ಸದ್ದು ತಂದು ಕೂಡಿಸುವುದು ಆಗಮ. 'ಮಳೆಗಾಲ'ದಲ್ಲಿ ಕಕಾರದ ಜಾಗಕ್ಕೆ ಗಕಾರ ಬರುವಂತೆ, ಒಂದು ಸದ್ದಿನ ಜಾಗದಲ್ಲಿ ಇನ್ನೊಂದನ್ನು ಕೂರಿಸುವುದು ಆದೇಶ. ಆದೇಶದ ಸಾಮಗ್ರಿಯನ್ನು 'ಸೌಂಡ್ ರೆಕಾರ್ಡರ್' ಎಂಬ ಸಲಕರಣೆ ಒದಗಿಸುತ್ತಿತ್ತು. ಒಂದು ಸಲಕ್ಕೆ 60 ಸೆಕೆಂಡು ಮೀರದ ಅದರ ಮುದ್ರಣದ ಜೊತೆಗೆ ಪ್ರತಿಧ್ವನಿ ಸೇರಿಸುವ, ಸದ್ದನ್ನು ಹಿಂದುಮುಂದಾಗಿಸುವ ಅನುಕೂಲಗಳೂ ಇದ್ದುದರಿಂದ ಅಜ್ಜಿಯ 'ಅಯ್ಯೋ ದೇವರೇ'ಯನ್ನು ಗುಹೆಯೊಳಗಿಂದ ಬಂದಂತೆ ಮಾಡುವುದು ಮಕ್ಕಳಿಗೂ ಸಾಧ್ಯವಿತ್ತು.

ಆದೇಶದ ಅಪಾಯವನ್ನು ಒಂದು ಪ್ರಯೋಗದಿಂದ ತಿಳಿಯಬಹುದು. ದೋಷಸೂಚಕವಾದ ಕಾರ್ಡ್‌ಗೆ ಕುಕ್ಕರ್ ಕೂಗು ಆದೇಶವಾಗಿ ಬಂದಿದೆಯೆಂದಿಟ್ಟುಕೊಳ್ಳೋಣ. ಯಂತ್ರದಲ್ಲಿ ಎರಡು ದೋಷಗಳು ಸಂಭವಿಸಿ, ಒಲೆಯ ಮೇಲಿನ ನಿಜವಾದ ಕುಕ್ಕರ್ ಒಂದು ಸಲ ಕೂಗಿದರೆ, ನಡುಮನೆಯಲ್ಲಿ ಹೂ ಕಟ್ಟುತ್ತ ಎಣಿಸುತ್ತಿರುವ ಗೃಹಿಣಿಗೆ ಲೆಕ್ಕ ಮೂರಾಗಿ, ಒಲೆ ಆರಿ, ಅಕ್ಕಿ ಅಕ್ಕಿಯಾಗಿಯೇ ತಟ್ಟೆಗೆ ಬರುತ್ತದೆ. ಆಲಂಕಾರಿಕರು ಇದನ್ನು ಶ್ಲೇಷವೆಂದಾರು. ಊಟಕ್ಕೆ ಕುಳಿತವರು ಹಾಗೆನ್ನುವುದಿಲ್ಲ.

ಆಗಮದ ಗತಿ ಇನ್ನೂ ಶೋಚನೀಯ. ಮೆನು ಬಿಚ್ಚಿದಾಗೊಮ್ಮೆ, ಕಿಟಕಿ ಕುಗ್ಗಿದಾಗೊಮ್ಮೆ, ಹಿಗ್ಗಿದಾಗೊಮ್ಮೆ ಸದ್ದು ಕೂಡಿಸಿದವನು ಒಂದು ಪತ್ರ ಟೈಪ್ ಮಾಡಿ ಮುಗಿಸುವುದರೊಳಗೆ ಹಲ್ಲು ಕಚ್ಚುತ್ತಾನೆ, ಸಂಜೆಯೊಳಗೆ ಅವನ್ನೆಲ್ಲ ತೆಗೆದುಹಾಕುತ್ತಾನೆ. ಆದುದರಿಂದ ಆಗಮವಾದುದಕ್ಕೆಲ್ಲ ಲೋಪವೇ ಪರವಾಗುತ್ತದೆಂಬ ಹೊಸ ಸೂತ್ರವನ್ನು ಗಣಕಸಂಧಿಗೆ ಸೇರಿಸಬೇಕಾಗುತ್ತದೆ.

ಪ್ಲುತಕ್ಕೆ ಸಂಧಿಯಿಲ್ಲವೆಂಬ ನಿಯಮವನ್ನು ತಯಾರಕರೇ ಮುರಿದರು: 2012ರ ವಿಂಡೋಸ್ 8ರಲ್ಲಿ ಆರಂಭಧ್ವನಿ ಮೊದಲಿನಿಂದಲೇ ಲೋಪವಾಗಿತ್ತು, 2021ರ ವಿಂಡೋಸ್ 11ರಲ್ಲಿ ಅದು ಹೊಸ ರೂಪದಲ್ಲಿ ಆಗಮವಾಗಿ ಮರಳಿತು. ಅಸ್ಟರಿಸ್ಕ್ ಮಾತ್ರ ಪಟ್ಟಿಯಲ್ಲಿ ಇಂದಿಗೂ ಹಾಗೆಯೇ ಕುಳಿತಿದೆ.