ಹಳೇ ಪಿಕಪ್ ಹಾಕುವ ಪಾಟಿಗಳು

ಪುಣೆ ಬೋರ್ಡುಗಳ ಊರು. ಸದಾಶಿವ ಪೇಠ, ನಾರಾಯಣ ಪೇಠಗಳ ಗಲ್ಲಿಗಳಲ್ಲಿ ಒಂದು ಸುತ್ತು ಹಾಕಿದರೆ ಸಾಕು, ಗೋಡೆಗಳೇ ನಿಮ್ಮನ್ನು ಗದರಿಸಿ ಕಳಿಸುತ್ತವೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿದರೆ ಗಾಳಿ ಬಿಡಲಾಗುವುದು. ಗಂಟೆ ಒಮ್ಮೆ ಒತ್ತಿದರೆ ಸಾಕು, ಮನೆಯವರಿಗೆ ಕಿವಿ ನೆಟ್ಟಗಿವೆ. ಪಕ್ಕದವರ ವಿಳಾಸ ವಿಚಾರಿಸಲು ಇದು ಪೋಸ್ಟಾಫೀಸಲ್ಲ. ಇವಕ್ಕೆ ಪುಣೇರಿ ಪಾಟಿ ಎಂದು ಹೆಸರು. ಧಾರವಾಡ, ವಿಜಯಪುರದ ಕಡೆಯವರಿಗೆ ಪಾಟಿ ಎಂದರೆ ಮಗು ಅಕ್ಷರ ತಿದ್ದುವ ಸ್ಲೇಟು. ಇಲ್ಲಿ ಪಾಟಿ ಎಂದರೆ ಅಕ್ಷರ ಬಂದವರನ್ನು ತಿದ್ದುವ ಹಲಗೆ. ಹೊರಗಿನವರಿಗೆ ಇದು ಒರಟೆನಿಸಬಹುದು. ನನಗೆ ಮಾತ್ರ ಇದರಲ್ಲಿ ಒಂದು ಸೌಜನ್ಯ ಕಾಣುತ್ತದೆ: ಬೈಗುಳ ತಪ್ಪಿಗಿಂತ ಮೊದಲೇ ಬರುತ್ತದೆ. ಗಾಳಿ ಹೋದ ಮೇಲೆ ‘ಯಾರೂ ಹೇಳಲಿಲ್ಲ’ ಎನ್ನುವ ಹಾಗಿಲ್ಲ. ಇದೇ ಊರಿನಲ್ಲಿ ಹತ್ತು ಹದಿನೈದು ವರ್ಷ ದುಡಿದ ಡೀಸೆಲ್ ಪಿಕಪ್ಪೂ ಊರಿನ ಸ್ವಭಾವ ಕಲಿತುಬಿಡುತ್ತದೆ ಎಂಬುದು ನನ್ನ ವಾದ. ಕೆಡುವ ಮೊದಲು ಅದು ಪಾಟಿ ಹಾಕುತ್ತದೆ. ಓದಿಕೊಂಡರೆ ಅದರಷ್ಟು ನಂಬಿಗಸ್ತ ಗಾಡಿ ಇನ್ನೊಂದಿಲ್ಲ. ಓದದಿದ್ದರೆ ಕಾತ್ರಜ್ ಘಾಟಿನ ತಿರುವಿನಲ್ಲಿ, ಟೊಮೆಟೊ ಕ್ರೇಟುಗಳ ಸಮೇತ, ಗಾಳಿ ಹೋದವರ ಸಾಲಿಗೆ ಸೇರಬೇಕು.

ನಂಬಿಗಸ್ತ ಎಂಬ ಮಾತನ್ನೇ ಸ್ವಲ್ಪ ಬಿಡಿಸಿ ನೋಡೋಣ. ಶೋರೂಮಿನವರ ಲೆಕ್ಕದಲ್ಲಿ ನಂಬಿಗಸ್ತ ಗಾಡಿ ಎಂದರೆ ಕೆಡದ ಗಾಡಿ. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿಗೆ ಬೆಳಗಿನ ಜಾವ ಮಾಲು ಮುಟ್ಟಿಸಬೇಕಾದವನಿಗೆ ಕೆಡದ ಗಾಡಿ ಬೇಕಿಲ್ಲ. ಹೇಳದೆ ಕೆಡದ ಗಾಡಿ ಬೇಕು. ರಜೆಯ ದಿನ ಗ್ಯಾರೇಜಿನಲ್ಲಿ ನಿಂತ ಗಾಡಿಯೂ ಕೆಟ್ಟದ್ದೇ, ಹರಾಜಿನ ಹೊತ್ತಿಗೆ ಘಾಟಿನಲ್ಲಿ ನಿಂತದ್ದೂ ಕೆಟ್ಟದ್ದೇ. ಆದರೆ ಎರಡನೆಯದರಲ್ಲಿ ಟೊಮೆಟೊ ಕೂಡ ಕೆಡುತ್ತದೆ. ಅರ್ಜಿ ಕೊಟ್ಟು ರಜೆ ಹಾಕುವ ಗುಮಾಸ್ತನನ್ನೂ ಫೋನು ಆಫ್ ಮಾಡಿ ಮಾಯವಾಗುವ ಗುಮಾಸ್ತನನ್ನೂ ಯಾವ ಸಾಹುಕಾರನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಹಳೇ ಡೀಸೆಲ್ ಎಂಜಿನ್ನು ಅರ್ಜಿ ಕೊಡುವ ಪೈಕಿ. ಅದರ ಹೆಸರಿನಲ್ಲೂ ಗುಟ್ಟಿಲ್ಲ. ಪಿಂಪ್ರಿಯ ಟಾಟಾ ಕಂಪನಿಯ ಹಳೇ 207 ಡಿಐ ಪಿಕಪ್ಪಿನಲ್ಲಿರುವ ಎಂಜಿನ್ನಿನ ಹೆಸರು 497: ನಾಲ್ಕು ಸಿಲಿಂಡರು, ಒಂದೊಂದರ ಅಡ್ಡಳತೆ 97 ಮಿಲಿಮೀಟರು. ಪಿಸ್ಟನ್ನಿನ ಓಟ 100 ಮಿಲಿಮೀಟರು ಎಂದು ಸೇರಿಸಿ ಗುಣಿಸಿದರೆ ಕಂಪನಿ ಹೇಳುವ 2956 ಸಿಸಿ ಹೈಸ್ಕೂಲು ಹುಡುಗನಿಗೂ ಸಿಗುತ್ತದೆ. ಹೆಸರಿನಲ್ಲೇ ಇಷ್ಟು ಬಿಚ್ಚಿಡುವ ಯಂತ್ರ ಕಾಯಿಲೆಯನ್ನು ಮುಚ್ಚಿಡುವುದುಂಟೆ?

ಮೊದಲ ಪಾಟಿ ಹೊಗೆಯದು. ಹಿಂದಿ ಲಾರಿಗಳ ಬೆನ್ನಿನ ಮೇಲೆ ಕೆಟ್ಟ ದೃಷ್ಟಿಯವನ ಮುಖ ಕಪ್ಪಾಗಲಿ ಎಂಬ ಶಾಪ ಬರೆದಿರುತ್ತದಲ್ಲ, ನಿರ್ಲಕ್ಷಿಸಿದ ಪಿಕಪ್ಪು ಅದನ್ನು ದೃಷ್ಟಿ ಕೆಟ್ಟಿರಲಿ ನೆಟ್ಟಗಿರಲಿ, ಹಿಂದಿರುವ ಸ್ಕೂಟರಿನವನ ಮೇಲೆ ಜಾರಿಗೆ ತರುತ್ತದೆ. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ: ಏರ್ ಫಿಲ್ಟರಿನಲ್ಲಿ ಧೂಳು ತುಂಬಿದೆ, ಇಲ್ಲವೇ ನಾಜಲ್ಲು ಸವೆದು ಡೀಸೆಲನ್ನು ಮಂಜಿನಂತೆ ಸಿಡಿಸುವ ಬದಲು ನಲ್ಲಿಯಂತೆ ಸೋರಿಸುತ್ತಿದೆ. ನೀಲಿ ಹೊಗೆ ಎಂದರೆ ಎಂಜಿನ್ ಆಯಿಲ್ಲೇ ಉರಿಯುತ್ತಿದೆ. ರಿಂಗು ಸವೆದಿರಬಹುದು, ವಾಲ್ವಿನ ಸೀಲು ಹೋಗಿರಬಹುದು. ಬಿಳಿ ಹೊಗೆ ಚಳಿಗಾಲದ ಬೆಳಿಗ್ಗೆ ಎರಡು ನಿಮಿಷ ಬಂದು ನಿಂತರೆ ಅದು ಆಕಳಿಕೆ. ಎಂಜಿನ್ ಕಾದ ಮೇಲೂ ಬರುತ್ತಿದ್ದು, ರೇಡಿಯೇಟರಿನ ನೀರೂ ದಿನಾ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ಟಿನ ಕಡೆ ನೋಡಬೇಕು. ಆಯಿಲ್ ಮುಚ್ಚಳ ತೆಗೆದಾಗ ಇಡ್ಲಿ ಪಾತ್ರೆಯಂತೆ ಹಬೆಯಾಡಿದರೆ ಮೇಸ್ತ್ರಿಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುತ್ತಾರೆ; ಅವರು ಹಾಗೆಂದು ಸುಮ್ಮನಾದರೆ ಭೋಸರಿಯ ಲೇತ್ ಅಂಗಡಿಯಲ್ಲಿ ಬೋರ್ ಮಾಡಿಸುವ ಖರ್ಚು ಹತ್ತಿರ ಬಂತೆಂದು ತಿಳಿಯಬೇಕು. ಮೂರು ಬಣ್ಣಗಳ ಈ ಲಿಪಿ ಕಲಿಯಲು ಒಂದು ಬೆಳಿಗ್ಗೆ ಸಾಕು. ಕಷ್ಟವೇನೆಂದರೆ ಹೊಗೆ ಬರುವುದು ಹಿಂದಿನಿಂದ, ಮಾಲೀಕ ಕೂರುವುದು ಮುಂದೆ. ಊರಿಗೆಲ್ಲ ಕಾಣುವ ಪಾಟಿ ಅವನೊಬ್ಬನಿಗೆ ಕಾಣುವುದಿಲ್ಲ.

ಎರಡನೆಯದು ಇಂಧನದ ದಾರಿಯಲ್ಲಿದೆ, ಅಲ್ಲಿ ನಮ್ಮವರಿಗೆ ಸ್ವಲ್ಪ ಹೆಮ್ಮೆಯೂ ಇದೆ. ಪುಣೆಗೆ ಡೀಸೆಲ್ಲಿನ ನಂಟು ಹಳೆಯದು. ಖಡಕಿಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಶುರುವಾಯಿತು. ಆ ಮನೆತನದ ಉದ್ಯಮಕ್ಕೆ ಬುನಾದಿ ಹಾಕಿದ ಲಕ್ಷ್ಮಣರಾಯರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟವರು. ಇನ್ನು ಹಳೇ ಡೀಸೆಲ್ ಗಾಡಿಯ ಬಾನೆಟ್ ಎತ್ತಿ ಫ್ಯುಯಲ್ ಪಂಪು ಒರೆಸಿದರೆ ಎಷ್ಟೋ ಸಲ ‘ಮೈಕೋ’ ಎಂಬ ಅಚ್ಚು ಕಾಣುತ್ತದೆ. 1951ರಲ್ಲಿ ಶುರುವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ, 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿಕೊಂಡ ಅದೇ ಕಂಪನಿ. ಅದರ ನಾಜಲ್ಲುಗಳ ಕಾರ್ಖಾನೆ ನಾಸಿಕದಲ್ಲಿ. ಕರ್ನಾಟಕದ ಪಂಪು ಒತ್ತುತ್ತದೆ, ಮಹಾರಾಷ್ಟ್ರದ ನಾಜಲ್ಲು ಸಿಡಿಸುತ್ತದೆ. ನಡುವಿನ ಉಕ್ಕಿನ ಪೈಪಿನಲ್ಲಿ ಗಡಿ ವಿವಾದವೇ ಇಲ್ಲ. ಎರಡೂ ರಾಜ್ಯಗಳಿಗೆ ಸಮಾನ ಶತ್ರು ಒಂದೇ, ನೀರು. ಮಳೆಗಾಲದಲ್ಲಿ ಡೀಸೆಲ್ ಟ್ಯಾಂಕಿನೊಳಗೆ ತೇವ ಇಳಿದು ತಳ ಸೇರುತ್ತದೆ. ಅದನ್ನು ತಡೆಯಲೆಂದೇ ಫಿಲ್ಟರಿನ ಬುಡದಲ್ಲಿ ಬೆರಳಿನಲ್ಲೇ ತಿರುಗುವ ಒಂದು ತಿರುಪು ಇರುತ್ತದೆ. ಬೆಳಿಗ್ಗೆ ಗಾಡಿ ಚಾಲೂ ಮಾಡುವ ಮುಂಚೆ ಕೆಳಗೊಂದು ಗಾಜಿನ ಲೋಟ ಹಿಡಿದು ಅದನ್ನು ಎರಡು ಸುತ್ತು ಸಡಿಲಿಸಿ. ಮೊದಲು ನೀರು ಬರುತ್ತದೆ, ಕಂದು ಬಣ್ಣದ್ದು. ಅದರ ಮೇಲೆ ಡೀಸೆಲ್ಲು ಮಜ್ಜಿಗೆಯ ಮೇಲೆ ಒಗ್ಗರಣೆ ಎಣ್ಣೆಯಂತೆ ಗೆರೆ ಕೊಯ್ದು ನಿಲ್ಲುತ್ತದೆ. ನೀರು ನಿಂತು ಬರೀ ಡೀಸೆಲ್ ಬೀಳತೊಡಗಿದಾಗ ತಿರುಪು ಬಿಗಿ ಮಾಡಿ. ಅರ್ಧ ಚಹಾದ ಸಮಯ. ಈ ಅರ್ಧ ಚಹಾ ಉಳಿಸಿದವರು ಮುಂದೆ ಪಂಪ್ ಕ್ಯಾಲಿಬ್ರೇಷನ್ ಅಂಗಡಿಯ ಬೆಂಚಿನ ಮೇಲೆ ಕೂತು ಹತ್ತು ಚಹಾ ಕುಡಿಯುತ್ತಾರೆ. ಸೀಮೆಎಣ್ಣೆ ಬೆರೆತ ಅಗ್ಗದ ಡೀಸೆಲ್ಲಿಗೆ ಆಸೆಪಟ್ಟವರಿಗೂ ಅದೇ ಬೆಂಚು, ಏಕೆಂದರೆ ಆ ಪಂಪಿನೊಳಗೆ ಸವೆತ ತಡೆಯುವ ಜಿಡ್ಡು ಡೀಸೆಲ್ಲೇ.

ಇಲ್ಲಿ ಮಾಲೀಕರ ಕಡೆಯ ಹಳೆಯ ಆಕ್ಷೇಪವೊಂದು ಎದುರಾಗುತ್ತದೆ: ‘ಓಡ್ತಾ ಇದೆಯಲ್ಲ, ಸುಮ್ನೆ ಯಾಕೆ ಮುಟ್ಟೋದು?’ ಇದು ಪೂರ್ತಿ ಮೂರ್ಖ ಮಾತಲ್ಲ. ಮುಟ್ಟಿದ ಮೇಲೇ ಕೆಟ್ಟ ಗಾಡಿಗಳೂ ಇವೆ. ಪಾನಾ ಹಿಡಿದ ಕೈಗಳೆಲ್ಲ ಮೇಸ್ತ್ರಿಯ ಕೈಗಳಲ್ಲ. ಚೆನ್ನಾಗಿರುವ ಪಂಪನ್ನು ‘ಸ್ವಲ್ಪ ಪಿಕಪ್ ಹೆಚ್ಚು ಮಾಡ್ತೀನಿ’ ಎಂದು ತಿರುಪು ತಿರುಗಿಸಿ ಕಪ್ಪು ಹೊಗೆ ಕೊಡಿಸುವವರು ಎಲ್ಲ ಊರಲ್ಲೂ ಇದ್ದಾರೆ. ಆದರೆ ಬಿಚ್ಚುವುದೇ ಬೇರೆ, ನೋಡುವುದೇ ಬೇರೆ. ಆಯಿಲ್ ಕಡ್ಡಿ ಎಳೆದು ನೋಡುವುದು, ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತುವುದು, ಗಾಡಿ ನಿಂತ ಜಾಗದ ನೆಲ ನೋಡಿ ಬಿದ್ದದ್ದು ನೀರೋ ಆಯಿಲ್ಲೋ ಎಂದು ತಿಳಿಯುವುದು, ಇವು ಯಾವ ನಟ್ಟನ್ನೂ ಕೇಳುವುದಿಲ್ಲ. ಆಯಿಲ್ ಮತ್ತು ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದಕ್ಕೂ ಪಾಂಡಿತ್ಯ ಬೇಡ. ಬೇಕಾದದ್ದು ಡ್ಯಾಶ್‌ಬೋರ್ಡಿನ ಮೇಲೆ ಕಿಲೋಮೀಟರು ಬರೆದಿಟ್ಟ ಒಂದು ಚೀಟಿ. ನಾನಾ ಪೇಠದ ಬಿಡಿಭಾಗಗಳ ಅಂಗಡಿಗಳಲ್ಲಿ ಅಸಲಿ ಫಿಲ್ಟರಿನ ಪಕ್ಕದಲ್ಲೇ ಅದರ ಅವಳಿಯೂ ಅರ್ಧ ಬೆಲೆಗೆ ಕೂತಿರುತ್ತದೆ. ಡಬ್ಬಿ ಒಂದೇ, ಒಳಗಿನ ಕಾಗದ ಬೇರೆ. ಉಳಿಸುವುದೇ ಆದರೆ ದಸರೆಯ ಖಂಡೇ ನವಮಿಯ ದಿನ ಚೆಂಡು ಹೂವಿನ ಹಾರದಲ್ಲಿ ಎರಡು ಮೊಳ ಉಳಿಸಬಹುದು. ಗಾಡಿ ಬೇಸರಿಸಿಕೊಳ್ಳುವುದಿಲ್ಲ.

ಉಳಿತಾಯದ ಮಾತು ಬಂದದ್ದರಿಂದ ನವಲೆ ಸೇತುವೆಯ ಇಳಿಜಾರನ್ನು ಬಿಡುವ ಹಾಗಿಲ್ಲ. ನಿಪ್ಪಾಣಿ, ಕೊಲ್ಹಾಪುರ, ಸಾತಾರಾ ದಾಟಿ ಬರುವ ಬೆಂಗಳೂರು ಹೆದ್ದಾರಿ ಕಾತ್ರಜಿನ ಹೊಸ ಸುರಂಗ ಮುಗಿಸಿ ಪುಣೆಯ ಅಂಚಿಗೆ ಇಳಿಯುವ ಜಾಗ ಅದು. ಅಲ್ಲಿ ಬ್ರೇಕು ಹಿಡಿಯದೆ ಮುಂದಿನ ಗಾಡಿಗಳಿಗೆ ಗುದ್ದಿದ ವಾಹನಗಳ ಸುದ್ದಿ ಪುಣೆಯವರಿಗೆ ಹೊಸದಲ್ಲ. ನ್ಯೂಟ್ರಲ್ಲಿನಲ್ಲಿ ಇಳಿಯಬೇಡಿ ಎಂದು ಪೊಲೀಸರು ಹೇಳುತ್ತಲೇ ಇದ್ದಾರೆ. ಚಾಲಕರ ಲೆಕ್ಕ ಡೀಸೆಲ್ ಉಳಿತಾಯದ್ದು, ಆ ಲೆಕ್ಕವೇ ತಪ್ಪು. ಗೇರಿನಲ್ಲಿ ಇಳಿಯುತ್ತ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಪಂಪಿನ ಗವರ್ನರು ಡೀಸೆಲ್ಲನ್ನು ಹೆಚ್ಚುಕಡಿಮೆ ಪೂರಾ ಬಂದ್ ಮಾಡುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್ಲಿಗೆ ಹಾಕಿದಿರೋ, ಎಂಜಿನ್ನು ನಿಲ್ಲದಿರಲು ಪಂಪು ಮತ್ತೆ ಡೀಸೆಲ್ ಕುಡಿಸಬೇಕು. ಅಂದರೆ ಉಳಿತಾಯ ಮಾಡುತ್ತಿದ್ದೇನೆಂದು ಖುಷಿಪಡುವವನು ಆ ಇಳಿಜಾರಿನುದ್ದಕ್ಕೂ ಡೀಸೆಲ್ ಸುಡುತ್ತಾನೆ, ಬ್ರೇಕೂ ಸುಡುತ್ತಾನೆ. ಇನ್ನು ಎಂಜಿನ್ನನ್ನೇ ಆಫ್ ಮಾಡಿದರೆ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮೂ ನಿಲ್ಲುತ್ತದೆ. ಇಂಥ ಅನೇಕ ಗಾಡಿಗಳಲ್ಲಿ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೆ ಕೂತಿರುತ್ತದೆ, ಎರಡನ್ನೂ ತಿರುಗಿಸುವುದು ಒಂದೇ ಫ್ಯಾನ್ ಬೆಲ್ಟು. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಆ ಬೆಲ್ಟು ನಾಯಿಮರಿಯಂತೆ ಕುಂಯ್ ಎಂದರೆ ಅದು ಬ್ಯಾಟರಿಯ ಜೊತೆಗೆ ಬ್ರೇಕಿನ ಪರವಾಗಿಯೂ ಹಾಕಿದ ಪಾಟಿ. ಹಿಂದಿನ ಕಮಾನು ಪಟ್ಟಾಗಳೂ ಪಾಟಿ ಹಾಕುತ್ತವೆ: ಗಾಡಿ ಮೂಗು ಮೇಲೆತ್ತಿ ಕೂತರೆ ಹೇರಿದ ಮಾಲು ಹೆಚ್ಚಾಗಿದೆ ಎಂದರ್ಥ. ಅದಕ್ಕೆ ಮಾಲೀಕ ಹುಡುಕುವ ಉತ್ತರ ಇನ್ನೆರಡು ಪಟ್ಟಾ ಸೇರಿಸುವುದು. ಪಟ್ಟಾ ಸೇರಿಸಿದರೆ ಬೆನ್ನು ನೆಟ್ಟಗಾಗುತ್ತದೆ. ಬ್ರೇಕಿನ ಡ್ರಮ್ಮು ಮಾತ್ರ ಮೊದಲಿದ್ದಷ್ಟೇ ಇರುತ್ತದೆ.

ಇನ್ನೊಂದು ಆಕ್ಷೇಪ ಗಂಭೀರವಾದದ್ದು, ಅದನ್ನು ತಮಾಷೆಯಲ್ಲಿ ತೇಲಿಸಿಬಿಡುವುದು ಸರಿಯಲ್ಲ. ಊರಿನ ಗಾಳಿ ಕೆಡಿಸುವ ಹಳೇ ಡೀಸೆಲ್ಲಿಗೆ ಇಷ್ಟೊಂದು ಉಪಚಾರ ಯಾಕೆ, ಗುಜರಿಗೆ ಹಾಕಬಾರದೇ? ದೆಹಲಿಯಲ್ಲಿ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿ ಬೇಡವೆಂದಿತು, 2018ರಲ್ಲಿ ಸುಪ್ರೀಂ ಕೋರ್ಟೂ ಅದಕ್ಕೆ ಒತ್ತು ಕೊಟ್ಟಿತು. ಮಹಾರಾಷ್ಟ್ರ 2010ರಲ್ಲೇ ಎಂಟು ವರ್ಷ ದಾಟಿದ ಸರಕು ವಾಹನಗಳಿಗೆ ಹಸಿರು ತೆರಿಗೆ ಹಾಕಿತು. ಒಪ್ಪುತ್ತೇನೆ: 2020ರ ಏಪ್ರಿಲ್ ನಂತರದ ಬಿಎಸ್ 6 ಗಾಡಿಯಷ್ಟು ಸ್ವಚ್ಛವಾಗಿ ಹಳೆಯದು ಎಂದಿಗೂ ಉಸಿರಾಡಲಾರದು, ಎಷ್ಟೇ ಆಯಿಲ್ ಬದಲಿಸಿದರೂ. ಅದರಲ್ಲಿ ಮಸಿ ಹಿಡಿಯುವ ಫಿಲ್ಟರೇ ಇಲ್ಲ. ಈ ಊರಿನಲ್ಲೇ, ವೇತಾಳ ಟೇಕಡಿಯ ಮೇಲೆ, 1966ರಿಂದ ವಾಹನಗಳ ಉಸಿರು ಅಳೆಯುತ್ತ ಬಂದಿರುವ ಎಆರ್‌ಎಐ ಸಂಸ್ಥೆ ಇರುವಾಗ ಬೇರೆ ಮಾತಾಡುವುದು ಗುಡ್ಡದ ಬುಡದಲ್ಲಿ ನಿಂತು ಗುಡ್ಡವಿಲ್ಲ ಎಂದಂತೆ. ಆದರೆ ವಯಸ್ಸನ್ನು ಮಾತ್ರ ನೋಡುವ ಕಣ್ಣು ಒಂದು ವ್ಯತ್ಯಾಸವನ್ನು ತಪ್ಪಿಸಿಕೊಳ್ಳುತ್ತದೆ. ನಾಜಲ್ಲು ಸರಿಯಿರುವ ಹದಿನಾಲ್ಕು ವರ್ಷದ ಗಾಡಿಗೂ, ನಾಜಲ್ಲು ಸೋರುವ ಒಂಬತ್ತು ವರ್ಷದ ಗಾಡಿಗೂ ನಡುವೆ ಸ್ಕೂಟರಿನವನು ಯಾವುದರ ಹಿಂದೆ ಹೋಗುತ್ತಾನೆ ಎಂದು ಅವನನ್ನೇ ಕೇಳಿ. ಹೊಗೆ ತಪಾಸಣೆ ಕೊಳವೆಯನ್ನು ನೋಡುತ್ತದೆ, ಜಾತಕವನ್ನಲ್ಲ. ಎಂಟು ವರ್ಷದ ನಂತರ ಫಿಟ್‌ನೆಸ್ ಸರ್ಟಿಫಿಕೇಟು ಪ್ರತಿ ವರ್ಷ ಮಾಡಿಸಬೇಕೆಂಬ ನಿಯಮವೂ ಇದೇ ವಿವೇಕದ್ದು, ನಿಜವಾಗಿ ತಪಾಸಿಸಿದರೆ. ಹೊಗೆ ಕಾರುವ ಗಾಡಿಯನ್ನು ರಿಪೇರಿ ಮಾಡಿಸಲಾಗದವನ ಪರ ನಾನು ವಾದಿಸುತ್ತಿಲ್ಲ. ಅದು ಗುಜರಿಗೆ ಹೋಗಲಿ.

‘ಹಾಗಾದರೆ ಹೊಸದನ್ನೇ ಕೊಳ್ಳಲಿ’ ಎಂಬುದು ಸಾಲ ಕೊಡುವವರ ಮಾತು. ಹೊಸ ಗಾಡಿ ಒಳ್ಳೆಯದು, ಅದರ ಬ್ರೇಕೂ ಒಳ್ಳೆಯದು. ಅದರ ಪಾಟಿ ಮಾತ್ರ ಓದಲು ಬರುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಂಡು ಸುಮ್ಮನೆ ಉರಿಯುತ್ತದೆ, ಅದರ ಅರ್ಥ ಸ್ಕ್ಯಾನರ್ ಇದ್ದವನಿಗೇ ಗೊತ್ತು. ಮಸಿ ಹಿಡಿಯುವ ಫಿಲ್ಟರು ತನ್ನನ್ನು ತಾನು ಸುಟ್ಟು ಶುಚಿ ಮಾಡಿಕೊಳ್ಳಲು ಉದ್ದದ ಓಟ ಬೇಕು. ಲಕ್ಷ್ಮೀ ರೋಡಿನ ಟ್ರಾಫಿಕ್ಕಿನಲ್ಲಿ ದಿನಾ ಎರಡು ಕಿಲೋಮೀಟರು ತೆವಳುವ ಗಾಡಿಗೆ ಆ ಯೋಗವಿಲ್ಲ. ಸಾಲದ ಕಂತಿಗೆ ಇನ್ನೊಂದು ಗುಣವಿದೆ. ರಿಪೇರಿ ಖರ್ಚು ಕಾರಣ ಹೇಳಿ ಬರುತ್ತದೆ, ಕಂತು ತಾರೀಖು ನೋಡಿ ಬರುತ್ತದೆ. ಈರುಳ್ಳಿ ದರ ಬಿದ್ದ ತಿಂಗಳಲ್ಲೂ ಅದು ತಪ್ಪುವುದಿಲ್ಲ. ಆದ್ದರಿಂದ ಮಾಲೀಕ ಹೋಲಿಸಬೇಕಾದದ್ದು ಒಂದು ದೊಡ್ಡ ರಿಪೇರಿ ಬಿಲ್ಲನ್ನು ಹಳೇ ಗಾಡಿಯ ಬೆಲೆಯೊಂದಿಗಲ್ಲ, ಇಡೀ ವರ್ಷದ ರಿಪೇರಿಯನ್ನು ಇಡೀ ವರ್ಷದ ಕಂತಿನೊಂದಿಗೆ. ಗಾಡಿ ನಿಂತ ದಿನಗಳ ಬಾಡಿಗೆ ನಷ್ಟವನ್ನೂ ರಿಪೇರಿಯ ಪಕ್ಕಕ್ಕೆ ಬರೆಯಬೇಕು, ಪ್ರಾಮಾಣಿಕವಾಗಿ. ಹಾಗೆ ಬರೆದ ಮೇಲೂ ಕಂತೇ ಕಡಿಮೆ ಎಂದು ಕಂಡರೆ ಹೊಸದನ್ನು ಕೊಳ್ಳುವುದೇ ಸರಿ. ಷಾಸಿಗೆ ತುಕ್ಕು ಹಿಡಿದು ಬಿರುಕು ಬಿಟ್ಟಿದ್ದರಂತೂ ಲೆಕ್ಕವೇ ಬೇಡ.

ಮುಂದಿನ ಫಿಟ್‌ನೆಸ್ಸಿಗೆ ಗಾಡಿ ಒಯ್ಯುವ ಮೊದಲು ಬ್ರೇಕ್ ಆಯಿಲ್ ಬದಲಿಸಿ ಎರಡು ವರ್ಷ ದಾಟಿದೆಯೇ ನೋಡಿ. ಅದು ಗಾಳಿಯ ತೇವ ಹೀರುತ್ತದೆ, ಉದ್ದ ಇಳಿಜಾರಿನಲ್ಲಿ ಕುದಿಯುತ್ತದೆ, ಪೆಡಲು ಹಲಗೆ ಮುಟ್ಟುತ್ತದೆ. ಹಳೇ ಪಿಕಪ್ಪು ಪಾಟಿ ಹಾಕದೆ ಮಾಡುವ ಕೆಲಸ ನನಗೆ ತಿಳಿದಂತೆ ಇದೊಂದೇ.