ಮಾತಿಗೆ ಹತ್ತು ಅಂಕ

ನಮ್ಮ ಭಾವ ಹೋಟೆಲಿಗೆ ಹೋದರೆ ಮೊದಲ ತುತ್ತು ಮೊಬೈಲಿಗೆ. ಮಸಾಲೆ ದೋಸೆ ಮೇಲಿನ ಬೆಣ್ಣೆ ಕರಗಿ, ಹರಿದು, ಆರುವವರೆಗೂ ಫೋಟೋ. ಗೂಗಲ್ ಮ್ಯಾಪ್ಸ್‌ನಲ್ಲಿ ಅವರು ಲೋಕಲ್ ಗೈಡ್, ಅಂದರೆ ಹೋದ ಜಾಗಗಳ ಬಗ್ಗೆ ಬರೆದು ಅಂಕ ಗಳಿಸುವವರು. ಫೋಟೋಗೆ 5 ಅಂಕ, ವಿಮರ್ಶೆಗೆ 10, ಅದು 200 ಅಕ್ಷರ ದಾಟಿದರೆ ಇನ್ನೂ 10. ಹೀಗಾಗಿ ‘ಚಟ್ನಿ ಚೆನ್ನಾಗಿದೆ’ ಎಂದು ಮುಗಿಯಬೇಕಾದ ಮಾತು ಸಪ್ಲೈಯರ್ ನಗು, ಕೈತೊಳೆಯುವ ನಲ್ಲಿಯವರೆಗೂ ಬೆಳೆಯುತ್ತದೆ. ಮೊನ್ನೆ ಸ್ಮಶಾನಕ್ಕೂ ನಾಲ್ಕು ಸ್ಟಾರ್ ಕೊಟ್ಟಿದ್ದಾರೆ: ‘ಪಾರ್ಕಿಂಗ್ ಧಾರಾಳ. ಮತ್ತೆ ಬರುತ್ತೇನೆ.’

ಹತ್ತನೇ ಲೆವೆಲ್ ಮುಟ್ಟಲು 1,00,000 ಅಂಕ ಬೇಕಂತೆ. ಅಷ್ಟೂ ಅಂಕ ಕೊಟ್ಟರೂ ಶೆಟ್ಟರ ಅಂಗಡಿಯಲ್ಲಿ ಒಂದು ಬೆಂಕಿಪೊಟ್ಟಣ ಹುಟ್ಟುವುದಿಲ್ಲ.

ಅಂಕ ಕೊಡುವ ವಿಷಯದಲ್ಲಿ 2008ರಲ್ಲಿ ಶುರುವಾದ ಪ್ರೋಗ್ರಾಮರ್‌ಗಳ ಪ್ರಶ್ನೋತ್ತರ ತಾಣ ಸ್ಟಾಕ್ ಓವರ್‌ಫ್ಲೋ ಜಾಣತನ ತೋರಿತು. ಅಲ್ಲಿ ಉತ್ತರ ಬರೆದ ಮಾತ್ರಕ್ಕೆ ಅಂಕವಿಲ್ಲ. ಓದಿದವರು ಉಪಯೋಗವಾಯಿತೆಂದು ಮೇಲ್ಮುಖ ಬಾಣ ಒತ್ತಿದರೆ 10. ಇನ್ನೊಬ್ಬರ ಉತ್ತರ ಸರಿಯಿಲ್ಲವೆಂದು ಕೆಳಮುಖ ಬಾಣ ಒತ್ತಿದರೆ ಅವರಿಗೆ 2 ಹೋಗುತ್ತದೆ, ಒತ್ತಿದವರಿಗೂ 1 ಖೋತಾ. ಅಂಕ ಕೊಡಲೇಬೇಕೆಂದಿದ್ದರೆ ಹೀಗೆ ಕೊಡಲಿ. ಈ ಕಾನೂನು ನಮ್ಮ ಮದುವೆ ಮನೆ ಪಂಕ್ತಿಗೂ ಬಂದರೆ, ಸಾರಿಗೆ ಉಪ್ಪು ಸಾಲದು ಎನ್ನುವವರೆಲ್ಲ ಮೊದಲು ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ.