ಪರದೇಶಸೇವಾ ಮೀಮಾಂಸೆ

ತನ್ನ ಮನೆಯಲ್ಲಿ ಎಂದೂ ಮಾಡದ ಕೆಲಸವನ್ನು ಪರದೇಶಕ್ಕೆ ಹೋಗಿ ಸಂಬಳವಿಲ್ಲದೆ ಮಾಡುವುದು ಪರದೇಶಸೇವೆ. ಈ ಲಕ್ಷಣದಲ್ಲಿ ವ್ಯರ್ಥಪದವಿಲ್ಲ. ‘ಸಂಬಳವಿಲ್ಲದೆ’ ಎನ್ನದಿದ್ದರೆ ಬಿ.ಎ. ಮುಗಿಸಿ ದುಬೈಯಲ್ಲಿ ಅಂಗಡಿ ಗುಡಿಸುವವನೂ ಸೇವಾಕರ್ತನಾದಾನು. ‘ಪರದೇಶಕ್ಕೆ ಹೋಗಿ’ ಎನ್ನದಿದ್ದರೆ ಮದುವೆಮನೆಯಲ್ಲಿ ಸಾರಿನ ಬಕೆಟ್ ಹಿಡಿದ ವರನ ಗೆಳೆಯನಲ್ಲಿ ಅತಿವ್ಯಾಪ್ತಿ. ‘ಮನೆಯಲ್ಲಿ ಎಂದೂ ಮಾಡದ’ ಎಂಬುದನ್ನು ಬಿಟ್ಟರೆ, ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಹೋಗುವ ಕನ್ನಡದ ತಾಯಂದಿರೆಲ್ಲರೂ ಒಳಗೆ ಬರುತ್ತಾರೆ.

ಪರಂಪರೆ: ಸ್ವಿಸ್ ಇಂಜಿನಿಯರ್ ಪಿಯರ್ ಸೆರೆಸೋಲ್ 1920ರಲ್ಲಿ ಫ್ರಾನ್ಸಿನ ವರ್ಡನ್ ಬಳಿ, ಯುದ್ಧದಲ್ಲಿ ಹಾಳಾದ ಹಳ್ಳಿಯಲ್ಲಿ ಮನೆ ಕಟ್ಟಲು ಶಿಬಿರ ಹೂಡಿದ. ಅಲ್ಲಿ ಮನೆಗಳ ಕೊರತೆ ನಿಜವಾಗಿಯೂ ಇದ್ದುದರಿಂದ ಇದನ್ನು ಪ್ರಾಚೀನರ ಪದ್ಧತಿ ಎನ್ನಬೇಕು. ನವ್ಯಮತದ ಪ್ರವರ್ತಕ ಜಾನ್ ಕೆನಡಿ. 1960ರ ಅಕ್ಟೋಬರ್ 14ರಂದು, ವಿದ್ಯಾರ್ಥಿಗಳು ಪೂರ್ಣ ಎಚ್ಚರದಲ್ಲಿರುವ ರಾತ್ರಿ ಎರಡು ಗಂಟೆಯ ಹೊತ್ತಿಗೆ, ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಆತ ಪರದೇಶಸೇವೆಯ ಉಪದೇಶ ಮಾಡಿದ. ಮರುವರ್ಷ ಅಮೆರಿಕ ಸರ್ಕಾರದ ಸ್ವಯಂಸೇವಕ ಪಡೆ ಪೀಸ್ ಕೋರ್ ಹುಟ್ಟಿತು.

ಅಧಿಕಾರಿ: ಬ್ರಿಟನ್ನಿನಲ್ಲಿ ಶಾಲೆ ಮುಗಿಸಿ ಕಾಲೇಜು ಸೇರದವನು, ಅಮೆರಿಕದಲ್ಲಿ ರಜೆ ಸಿಕ್ಕವನು, ಅಥವಾ ಪದವಿ ಸಿಕ್ಕಿ ಕೆಲಸ ಸಿಗದವನು. ಪೀಸ್ ಕೋರ್‌ನ ಅವಧಿ ತರಬೇತಿಯೂ ಸೇರಿ 27 ತಿಂಗಳು. ರಜಾಸೇವೆಯದು ಒಂದೆರಡು ವಾರ. ಅವಧಿ ಇಳಿದಷ್ಟೂ ಫೋಟೋ ಏರುತ್ತದೆಂಬುದು ನಿಯಮ. ಜಿಮ್ಮಿ ಕಾರ್ಟರ್‌ರ ತಾಯಿ ಲಿಲಿಯನ್ 68ನೆಯ ವಯಸ್ಸಿನಲ್ಲಿ ಪೀಸ್ ಕೋರ್ ಮೂಲಕ ಮುಂಬಯಿಯ ವಿಕ್ರೋಲಿಗೆ ಬಂದು ರೋಗಿಗಳ ಆರೈಕೆ ಮಾಡಿದರು. ಆದರೆ ಅವರು ಮೊದಲೇ ನರ್ಸ್. ಕೆಲಸ ಬಲ್ಲವರು ಈ ಶಾಸ್ತ್ರಕ್ಕೆ ಅಧಿಕಾರಿಗಳಲ್ಲ.

ವಿಷಯ: ಗೋಡೆ, ಆಮೆ, ಅನಾಥ ಎಂದು ಮೂರು ಬಗೆ. ಮಧ್ಯ ಅಮೆರಿಕದ ಹಳ್ಳಿಶಾಲೆಗಳಲ್ಲಿ ಕಟ್ಟುವುದು ಗೋಡೆ. ವಿಮಾನದ ಟಿಕೆಟ್ಟಿನ ಹಣದಲ್ಲಿ ಊರಿನ ಗಾರೆಯವನಿಗೆ ಎಷ್ಟು ದಿನದ ಕೂಲಿ ಕೊಡಬಹುದಿತ್ತು ಎಂಬುದು ಗಣಿತಕ್ಕೆ ಸೇರಿದ ಪ್ರಶ್ನೆ, ಇಲ್ಲಿ ಅಪ್ರಸ್ತುತ. ಕೋಸ್ಟರಿಕಾದ ಕಡಲತೀರದಲ್ಲಿ ಮೊಟ್ಟೆ ಕಾಯಿಸಿಕೊಳ್ಳುವ ಆಮೆ ಅಭಿಪ್ರಾಯ ಹೇಳದಿರುವುದರಿಂದ ಉತ್ತಮ ವಿಷಯ. ಮೂರನೆಯದು ಸೂಕ್ಷ್ಮ. ಕಾಂಬೋಡಿಯದ ಅನಾಥಾಲಯಗಳ ಬಹುಪಾಲು ಮಕ್ಕಳಿಗೆ ತಂದೆಯೋ ತಾಯಿಯೋ ಬದುಕಿದ್ದಾರೆ. ಪ್ರವಾಸಿಗಳು ಹೆಚ್ಚಿದಂತೆ ಅನಾಥಾಲಯಗಳೂ ಹೆಚ್ಚಿದವು. ಅನಾಥನಿರುವುದರಿಂದ ಸೇವಕ ಬರುತ್ತಾನೆಂಬುದು ಲೋಕದ ತಿಳಿವಳಿಕೆ. ಸೇವಕ ಬರುವುದರಿಂದ ಅನಾಥ ಹುಟ್ಟುತ್ತಾನೆಂಬುದು ಶಾಸ್ತ್ರ.

ಸಂಬಂಧ: ಸೇವಕನಿಗೆ ಅಡುಗೆ ಮಾಡುವುದು, ಹಾಸಿಗೆ ಬಿಟ್ಟುಕೊಡುವುದು, ಹೊಟ್ಟೆ ಕೆಟ್ಟಾಗ ವೈದ್ಯರಲ್ಲಿಗೆ ಒಯ್ಯುವುದು, ಭಾಷೆ ಕಲಿಸುವುದು, ವಕ್ರವಾಗಿ ಎದ್ದ ಗೋಡೆಯನ್ನು ಆತ ಮಲಗಿದ ಮೇಲೆ ನೆಟ್ಟಗೆ ಮಾಡುವುದು ಆತಿಥೇಯರ ಕರ್ತವ್ಯ. ಇದರಿಂದ ಸೇವೆ ನಡೆಯುತ್ತದೆಂಬುದು ನಿರ್ವಿವಾದ; ಯಾರು ಯಾರಿಗೆ ಎಂಬುದಷ್ಟೇ ಚರ್ಚಾಸ್ಪದ. 1961ರಲ್ಲಿ ನೈಜೀರಿಯಾದ ಇಬಾದಾನಿನಲ್ಲಿ ಪೀಸ್ ಕೋರ್ ಸ್ವಯಂಸೇವಕಿಯೊಬ್ಬಳು ಊರಿನ ಕೊಳಕನ್ನು ಬಣ್ಣಿಸಿ ಗೆಳೆಯನಿಗೆ ಬರೆದ ಅಂಚೆಕಾರ್ಡು ಕ್ಯಾಂಪಸ್ಸಿನಲ್ಲಿ ಬಿದ್ದುಹೋಗಿ, ಅಲ್ಲಿನ ವಿದ್ಯಾರ್ಥಿಗಳ ಕೈಸೇರಿ, ಪ್ರತಿಭಟನೆಯಾಯಿತು. ಸೇವ್ಯರಿಗೂ ಓದುಬರಹ ಬರುತ್ತದೆಂಬುದಕ್ಕೆ ಇದು ಪ್ರತ್ಯಕ್ಷ ಪ್ರಮಾಣ.

ಪೂರ್ವಪಕ್ಷ: ಸೇವೆಗೆಂದು ಮೆಕ್ಸಿಕೋಗೆ ಹೊರಟ ಅಮೆರಿಕನ್ ವಿದ್ಯಾರ್ಥಿಗಳೆದುರು 1968ರಲ್ಲಿ ಚಿಂತಕ ಇವಾನ್ ಇಲಿಚ್, ನೋಡಲು ಬನ್ನಿ, ಕಲಿಯಲು ಬನ್ನಿ, ಸಹಾಯಕ್ಕೆ ಮಾತ್ರ ಬರಬೇಡಿ ಎಂಬರ್ಥದಲ್ಲಿ ವಾದಿಸಿದ. ಹಾಗಾದರೆ ಅದು ಬರಿಯ ಪ್ರವಾಸವಾಗಿ ಚಂದಾ ಎತ್ತಲು ಬಾರದು. ಆದ್ದರಿಂದ ಈ ಮತ ತ್ಯಾಜ್ಯ.

ಪ್ರಯೋಜನ: ದೃಷ್ಟ, ಅದೃಷ್ಟ ಎಂದು ಎರಡು. ರೆಸ್ಯೂಮೆಯಲ್ಲಿ ಒಂದು ಸಾಲು, ಪ್ರವೇಶಪತ್ರಕ್ಕೆ ಒಂದು ಪ್ರಬಂಧ, ಮಕ್ಕಳ ನಡುವೆ ನಿಂತ ಒಂದು ಚಿತ್ರ ದೃಷ್ಟಫಲ. ಹಳ್ಳಿಗಾದ ಲಾಭ ಅದೃಷ್ಟಫಲ. ಅದನ್ನು ಶ್ರದ್ಧೆಯಿಂದ ನಂಬತಕ್ಕದ್ದು, ಅಳೆಯತಕ್ಕದ್ದಲ್ಲ.